ಸ್ಪ್ಯಾನಿಷ್‌ನ ಅವಳಿ ಪದಗಳು: ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಹಿಡಿದರೆ ಸುಲಭ

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡಿಗರ ಕೈಗೆ ಮೊದಲು ಸಿಗುವುದು ಇಂಗ್ಲಿಷ್‌ನಲ್ಲಿ ಬರೆದ ಪುಸ್ತಕ, ಇಲ್ಲವೇ ಇಂಗ್ಲಿಷ್ ಮೂಲಕ ಕಲಿಸುವ ಆ್ಯಪ್. ಆರಂಭದ ಪಾಠಗಳು ಸರಾಗವಾಗಿ ಸಾಗುತ್ತವೆ. ಆಮೇಲೆ ಜೋಡಿಪದಗಳು ಎದುರಾಗುತ್ತವೆ: ಸೆರ್ ಮತ್ತು ಎಸ್ತಾರ್, ಸಬೆರ್ ಮತ್ತು ಕೊನೊಸೆರ್, ಪೆದಿರ್ ಮತ್ತು ಪ್ರೆಗುಂತಾರ್, ಪೊರ್ ಮತ್ತು ಪಾರಾ. ಇಂಗ್ಲಿಷ್‌ನಲ್ಲಿ ಇಂಥ ಒಂದೊಂದು ಜೋಡಿಗೂ ಸಾಮಾನ್ಯವಾಗಿ ಒಂದೇ ಪದ ಇರುವುದರಿಂದ ಇಂಗ್ಲಿಷ್ ಓದುಗರಿಗೆ ವ್ಯತ್ಯಾಸ ಮನಗಾಣಿಸಲು ಪುಸ್ತಕಗಳು ನಿಯಮದ ಮೇಲೆ ನಿಯಮ, ಅದಕ್ಕೆ ಅಪವಾದಗಳ ಪಟ್ಟಿ ಕೊಡುತ್ತವೆ. ನಮ್ಮವರು ಅದನ್ನೆಲ್ಲ ಬಾಯಿಪಾಠ ಮಾಡುತ್ತಾರೆ. ಆ ಶ್ರಮದ ದೊಡ್ಡ ಪಾಲು ಅನಾವಶ್ಯಕ ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಗ್ಲಿಷ್ ಕಾಣದ ಎಷ್ಟೋ ವ್ಯತ್ಯಾಸಗಳನ್ನು ಕನ್ನಡ ದಿನಬೆಳಗಾದರೆ ಮಾಡುತ್ತಲೇ ಇರುತ್ತದೆ. ಕನ್ನಡ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎನ್ನುವುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಇಲ್ಲಿ ಪದಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರಣೆಗೆ ಹತ್ತಿರವಾಗಿ ಬರೆದಿದ್ದೇನೆ. ಸ್ಪ್ಯಾನಿಷ್‌ನ ತ ಮತ್ತು ದ ನಮ್ಮ ತ, ದಗಳಂತೆ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಇಂಗ್ಲಿಷ್‌ನ ಗಡಸು ಟ, ಡ ಅಲ್ಲ. ಬ ಮತ್ತು ವ ಅಕ್ಷರಗಳೆರಡಕ್ಕೂ ಅಲ್ಲಿ ಒಂದೇ ಧ್ವನಿ.

‘ಇರು’ ತೆಗೆದು ನೋಡಿ

ಮೊದಲು ದೊಡ್ಡ ತಲೆನೋವನ್ನೇ ತೆಗೆದುಕೊಳ್ಳೋಣ. ಸೆರ್, ಎಸ್ತಾರ್ ಎರಡೂ ‘ಇರುವುದು, ಆಗಿರುವುದು’ ಎಂಬ ಅರ್ಥದ ಕ್ರಿಯಾಪದಗಳು. ಪುಸ್ತಕಗಳು ಹೇಳಿಕೊಡುವ ಸೂತ್ರ ಇದು: ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್. ಈ ಸೂತ್ರ ಹೆಚ್ಚು ದೂರ ಬರುವುದಿಲ್ಲ. ಸಾವಿಗಿಂತ ಶಾಶ್ವತವಾದದ್ದು ಯಾವುದಿದೆ? ಆದರೂ ಸ್ಪ್ಯಾನಿಷ್‌ನಲ್ಲಿ ‘ಎಸ್ತಾ ಮುಯೆರ್ತೊ’ ಎನ್ನುತ್ತಾರೆ, ಅದು ಎಸ್ತಾರ್. ಗಂಟೆ ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಆದರೂ ಮೂರು ಗಂಟೆಗೆ ‘ಸೊನ್ ಲಾಸ್ ತ್ರೆಸ್’, ಅದು ಸೆರ್. ಮಾಚು ಪಿಚು ಪೆರುವನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಆದರೂ ಅದು ಅಲ್ಲಿ ‘ಎಸ್ತಾ’.

ಇದೇ ವಾಕ್ಯಗಳನ್ನು ಆಡುಮಾತಿನ ಕನ್ನಡದಲ್ಲಿ ಹೇಳಿ ನೋಡಿ. ‘ಅವನು ಸತ್ತಿದ್ದಾನೆ’: ಇಲ್ಲಿ ‘ಇರು’ ಇದೆ. ‘ಈಗ ಮೂರು ಗಂಟೆ’: ‘ಇರು’ ಇಲ್ಲ. ‘ಮಾಚು ಪಿಚು ಪೆರುವಿನಲ್ಲಿದೆ’: ಇದೆ. ‘ಅವಳು ಡಾಕ್ಟರು’: ಇಲ್ಲ. ‘ಬಾಗಿಲು ಮುಚ್ಚಿದೆ’: ಇದೆ. ‘ಇವತ್ತು ಸೋಮವಾರ’: ಇಲ್ಲ. ‘ಕಾಫಿ ಬಿಸಿಯಾಗಿದೆ’: ಇದೆ. ಕನ್ನಡದಲ್ಲಿ ‘ಇರು’ ಬಂದಲ್ಲೆಲ್ಲ ಸ್ಪ್ಯಾನಿಷ್‌ನಲ್ಲಿ ಎಸ್ತಾರ್, ಕ್ರಿಯಾಪದವೇ ಬೇಡದೆ ವಾಕ್ಯ ನಿಂತಲ್ಲೆಲ್ಲ ಸೆರ್. ಒಂದು ವಸ್ತು ಏನು, ಯಾರು ಎಂದು ಗುರುತು ಹೇಳುವಾಗ ಕನ್ನಡಕ್ಕೆ ಕ್ರಿಯಾಪದ ಬೇಕಾಗುವುದಿಲ್ಲ. ಅದು ಎಲ್ಲಿದೆ, ಹೇಗಿದೆ, ಯಾವ ಸ್ಥಿತಿಗೆ ಬಂದಿದೆ ಎಂದು ಹೇಳುವಾಗ ಬೇಕು. ಸ್ಪ್ಯಾನಿಷ್ ಗೆರೆ ಎಳೆಯುವುದೂ ಹೆಚ್ಚುಕಡಿಮೆ ಅಲ್ಲೇ. ಎಸ್ತಾರ್ ಬಂದದ್ದು ‘ನಿಲ್ಲು’ ಎಂಬರ್ಥದ ಲ್ಯಾಟಿನ್ ಪದದಿಂದ. ಒಂದು ಕಡೆ, ಒಂದು ಸ್ಥಿತಿಯಲ್ಲಿ ನಿಂತಿರುವ ಭಾವ ಅದರಲ್ಲಿ ಇವತ್ತಿಗೂ ಉಳಿದಿದೆ.

ಇದಕ್ಕೆ ಒಂದು ಎಚ್ಚರಿಕೆ ಬೇಕು. ಅನುವಾದದ ಕನ್ನಡ ಎಲ್ಲ ವಾಕ್ಯಕ್ಕೂ ‘ಆಗಿದೆ’ ಅಂಟಿಸುತ್ತದೆ. ‘ಲಿಮಾ ಪೆರುವಿನ ರಾಜಧಾನಿಯಾಗಿದೆ’ ಎಂದು ಬರೆದವರು ಎಸ್ತಾರ್ ಹಾಕಿಬಿಡುತ್ತಾರೆ, ಅದು ತಪ್ಪು. ‘ಲಿಮಾ ಪೆರುವಿನ ರಾಜಧಾನಿ’ ಎಂದು ಸಹಜವಾಗಿ ಹೇಳಿದರೆ ಸೆರ್ ತಾನಾಗಿ ಬರುತ್ತದೆ. ‘ಅವನು ಎತ್ತರವಾಗಿದ್ದಾನೆ’ ಎಂಬಂಥ ವಾಕ್ಯಗಳಲ್ಲಿ ‘ಇರು’ವನ್ನು ತೆಗೆದು ನೋಡಬೇಕು. ‘ಅವನು ಎತ್ತರದವನು’ ಎಂದರೂ ಅರ್ಥ ಕೆಡುವುದಿಲ್ಲ, ಆದ್ದರಿಂದ ಸೆರ್. ‘ಮನೆ ದೊಡ್ಡದಾಗಿದೆ’ ಎನ್ನುವುದು ‘ಮನೆ ದೊಡ್ಡದು’ ಎಂದಾಗುತ್ತದೆ, ಅದೂ ಸೆರ್. ‘ಬಾಗಿಲು ಮುಚ್ಚಿದೆ’ ಎಂಬುದರಿಂದ ‘ಇರು’ ಕಿತ್ತರೆ ಏನೂ ಉಳಿಯುವುದಿಲ್ಲ, ಅದಕ್ಕೆ ಎಸ್ತಾರ್.

ಒಂದೇ ಗುಣವಾಚಕ ಎರಡೂ ಕ್ರಿಯಾಪದಗಳ ಜೊತೆ ಬಂದು ಬೇರೆ ಅರ್ಥ ಕೊಡುವ ಕಡೆ ಈ ಪರೀಕ್ಷೆಯ ಬೆಲೆ ಗೊತ್ತಾಗುತ್ತದೆ. ‘ಎಸ್ ಲಿಸ್ತಾ’ ಎಂದರೆ ಅವಳು ಜಾಣೆ. ‘ಎಸ್ತಾ ಲಿಸ್ತಾ’ ಎಂದರೆ ಅವಳು ತಯಾರಾಗಿದ್ದಾಳೆ. ‘ಎಸ್ ಅಬುರ್ರಿದೊ’ ಎಂದರೆ ಬೇಸರ ಹುಟ್ಟಿಸುವ ಆಸಾಮಿ. ‘ಎಸ್ತಾ ಅಬುರ್ರಿದೊ’ ಎಂದರೆ ಅವನಿಗೇ ಬೇಸರವಾಗಿದೆ. ‘ಎಸ್ ರಿಕೊ’ ಎಂದರೆ ಶ್ರೀಮಂತ; ಊಟದ ಬಗ್ಗೆ ‘ಎಸ್ತಾ ರಿಕೊ’ ಎಂದರೆ ರುಚಿಯಾಗಿದೆ. ‘ಎಸ್ ಬೆರ್ದೆ’ ಎಂದರೆ ಹಸಿರು ಬಣ್ಣದ್ದು. ಹಣ್ಣಿನ ಬಗ್ಗೆ ‘ಎಸ್ತಾ ಬೆರ್ದೆ’ ಎಂದರೆ ಇನ್ನೂ ಕಾಯಾಗಿದೆ. ಈ ಕನ್ನಡ ಅರ್ಥಗಳನ್ನು ಇನ್ನೊಮ್ಮೆ ಓದಿ: ಎಸ್ತಾರ್ ಬಂದ ಕಡೆಯೆಲ್ಲ ಕನ್ನಡದಲ್ಲಿ ‘ಇರು’ ಬಂದಿದೆ. ಊಟವನ್ನು ಹೊಗಳಲು ‘ಎಸ್ತಾ ಬುಯೆನೊ’ ಎಂದು ಧಾರಾಳವಾಗಿ ಹೇಳಬಹುದು. ವ್ಯಕ್ತಿಯ ಬಗ್ಗೆ ಹಾಗೆ ಹೇಳಿದರೆ ಮೈಮಾಟ ನೋಡಿ ಹೇಳಿದಂತಾಗುತ್ತದೆ. ಒಳ್ಳೆಯ ಮನುಷ್ಯ ಎನ್ನಲು ‘ಎಸ್ ಬುಯೆನೊ’.

ಕನ್ನಡ ಕೈಕೊಡುವ ಜಾಗ ಸಮಾರಂಭಗಳದ್ದು. ‘ಮದುವೆ ಸೆವಿಲ್‌ನಲ್ಲಿದೆ’ ಎನ್ನುವಾಗ ನಮ್ಮಲ್ಲಿ ‘ಇರು’ ಇದೆ, ಸ್ಪ್ಯಾನಿಷ್‌ನಲ್ಲಿ ಮಾತ್ರ ಸೆರ್. ‘ಇದೆ’ಯ ಜಾಗದಲ್ಲಿ ‘ನಡೆಯುತ್ತದೆ’ ಎಂದು ಹಾಕಿದರೆ ಹೊಂದುತ್ತದೆಯೇ ಎಂದು ನೋಡಿ. ಹೊಂದಿದರೆ ಸೆರ್. ‘ಪರೀಕ್ಷೆ ಮೂರನೇ ಕೋಣೆಯಲ್ಲಿದೆ’ ಎಂದರೆ ಅಲ್ಲಿ ನಡೆಯುತ್ತದೆ, ‘ಎಲ್ ಎಕ್ಸಾಮೆನ್ ಎಸ್’. ಅದೇ ಪದದಿಂದ ಉತ್ತರಪತ್ರಿಕೆಯನ್ನು ಉದ್ದೇಶಿಸಿ ‘ಮೇಜಿನ ಮೇಲಿದೆ’ ಎಂದರೆ ‘ಎಲ್ ಎಕ್ಸಾಮೆನ್ ಎಸ್ತಾ’.

‘ಇದೆ’ ಎನ್ನಲು ಸ್ಪ್ಯಾನಿಷ್‌ನಲ್ಲಿ ಮೂರನೆಯದೊಂದು ಪದವೂ ಇದೆ, ‘ಆಯ್’. ‘ಈ ಬೀದಿಯಲ್ಲಿ ಔಷಧಿ ಅಂಗಡಿ ಇದೆಯಾ?’ ಎಂದು ಕೇಳುವಾಗ ಅಂಗಡಿ ಇದೆಯೋ ಇಲ್ಲವೋ ನಮಗೆ ತಿಳಿಯದು. ಅಲ್ಲಿ ಆಯ್. ‘ಆ ಔಷಧಿ ಅಂಗಡಿ ಎಲ್ಲಿದೆ?’ ಎಂದರೆ ಇಬ್ಬರಿಗೂ ಗೊತ್ತಿರುವ ಅಂಗಡಿ. ಅಲ್ಲಿ ಎಸ್ತಾ. ‘ಒಂದು’, ‘ಎರಡು’, ‘ಬಹಳ’ ಎಂದು ಲೆಕ್ಕ ಬಂದರೆ ಆಯ್. ‘ಆ’, ‘ನಮ್ಮ’, ‘ನಿನ್ನ’ ಎಂದು ಬಂದರೆ ಎಸ್ತಾರ್.

ಗೊತ್ತಿತ್ತು, ಗೊತ್ತಾಯಿತು

ಸಬೆರ್ ಎಂದರೆ ವಿಷಯ ಗೊತ್ತಿರುವುದು, ಕೊನೊಸೆರ್ ಎಂದರೆ ಪರಿಚಯವಿರುವುದು. ‘ಅವರ ಮನೆ ಎಲ್ಲಿ ಅಂತ ಗೊತ್ತು’ ಎನ್ನಲು ಸಬೆರ್, ‘ಅವರ ಪರಿಚಯ ಇದೆ’ ಎನ್ನಲು ಕೊನೊಸೆರ್. ಊರಿಗೂ ಕೊನೊಸೆರ್ ಬಳಸುತ್ತಾರೆ. ಪೆರುವಿನವರೊಬ್ಬರು ‘ಕೊನೊಸೆಸ್ ಕುಸ್ಕೊ?’ ಎಂದರೆ ಕುಸ್ಕೊದ ಹೆಸರು ಕೇಳಿದ್ದೀರಾ ಎಂದಲ್ಲ, ಅಲ್ಲಿಗೆ ಹೋಗಿದ್ದೀರಾ, ನೋಡಿದ್ದೀರಾ ಎಂದು. ಪುಸ್ತಕದಲ್ಲಿ ಓದಿ ತಿಳಿದಿರುವವರು ಹೌದೆಂದರೆ ಮುಂದಿನ ಪ್ರಶ್ನೆಗೆ ಉತ್ತರ ಸಿಗದೆ ಒದ್ದಾಡಬೇಕಾಗುತ್ತದೆ.

ಇದೇ ಕ್ರಿಯಾಪದಗಳು ಭೂತಕಾಲಕ್ಕೆ ಬಂದಾಗ ಇಂಗ್ಲಿಷ್ ಪುಸ್ತಕಗಳು ಪ್ರತ್ಯೇಕ ಪಾಠವನ್ನೇ ಬರೆಯುತ್ತವೆ. ಸ್ಪ್ಯಾನಿಷ್‌ನಲ್ಲಿ ಎರಡು ಭೂತಕಾಲಗಳಿವೆ. ಒಂದು ಹಿನ್ನೆಲೆಯಲ್ಲಿ ಮುಂದುವರಿಯುತ್ತಿದ್ದ ಸ್ಥಿತಿಗೆ, ಇನ್ನೊಂದು ನಡೆದು ಮುಗಿದ ಘಟನೆಗೆ. ‘ಸಬಿಯಾ’ ಮತ್ತು ‘ಸೂಪೆ’ ಎಂಬ ಎರಡು ರೂಪಗಳ ನಡುವೆ ಅರ್ಥವೇ ಬದಲಾಗುತ್ತದೆ ಎಂದು ಆ ಪುಸ್ತಕಗಳು ವಿವರಿಸುತ್ತವೆ. ಕನ್ನಡಿಗರಿಗೆ ವಿವರಣೆ ಏತಕ್ಕೆ? ಸಬಿಯಾ ಎಂದರೆ ಗೊತ್ತಿತ್ತು, ಸೂಪೆ ಎಂದರೆ ಗೊತ್ತಾಯಿತು. ಹಾಗೆಯೇ ಕೊನೊಸಿಯಾ ಎಂದರೆ ಪರಿಚಯವಿತ್ತು, ಕೊನೊಸಿ ಎಂದರೆ ಪರಿಚಯವಾಯಿತು. ‘ಇತ್ತು’ ಮತ್ತು ‘ಆಯಿತು’ಗಳ ವ್ಯತ್ಯಾಸ ನಮ್ಮ ನಾಲಿಗೆಯ ಮೇಲೆಯೇ ಇದೆ. ಇಂಗ್ಲಿಷ್ ದಾರಿ ಹಿಡಿದು ಈ ಒಂದು ಪಾಠಕ್ಕೆ ವಾರಗಟ್ಟಲೆ ತಿಣುಕುವವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಈಜು, ಅಡುಗೆ, ಸೈಕಲ್ ಮುಂತಾಗಿ ಕಲಿತು ಬಂದ ವಿದ್ಯೆಗೂ ಸಬೆರ್ ಬೇಕು, ಆ ಹೊತ್ತಿನ ಸಾಧ್ಯತೆಗೆ ಪೊದೆರ್. ‘ಸೆ ನದಾರ್, ಪೆರೊ ಓಯ್ ನೊ ಪುಯೆದೊ’: ನನಗೆ ಈಜು ಬರುತ್ತೆ, ಆದರೆ ಇವತ್ತು ಆಗಲ್ಲ. ‘ಬರುತ್ತೆ’ ಎಂದರೆ ಸಬೆರ್, ‘ಆಗುತ್ತೆ’ ಎಂದರೆ ಪೊದೆರ್.

ಒಂದು ‘ಕೇಳು’, ನಾಲ್ಕು ಪದ

ಈಗ ಕನ್ನಡದ್ದೇ ತೊಡಕು. ಹಾಡು ಕೇಳುತ್ತೇವೆ, ಸದ್ದು ಕೇಳಿಸುತ್ತದೆ, ದಾರಿ ಕೇಳುತ್ತೇವೆ, ಸಾಲ ಕೇಳುತ್ತೇವೆ. ಈ ನಾಲ್ಕಕ್ಕೂ ಸ್ಪ್ಯಾನಿಷ್‌ನಲ್ಲಿ ಬೇರೆ ಬೇರೆ ಪದಗಳಿವೆ: ಎಸ್ಕುಚಾರ್, ಒಯಿರ್, ಪ್ರೆಗುಂತಾರ್, ಪೆದಿರ್.

ಮೊದಲಿನ ಎರಡನ್ನು ಬಿಡಿಸುವುದು ಕಷ್ಟವಲ್ಲ. ಕಿವಿಗೊಟ್ಟು ಕೇಳಿದರೆ ಎಸ್ಕುಚಾರ್, ತಾನಾಗಿ ಕಿವಿಗೆ ಬಿದ್ದರೆ ಒಯಿರ್. ಲ್ಯಾಟಿನ್ ಅಮೆರಿಕದಲ್ಲಿ ಫೋನ್ ಸರಿಯಾಗಿ ಕೇಳಿಸದಿದ್ದಾಗಲೂ ‘ನೊ ತೆ ಎಸ್ಕುಚೊ’ ಎನ್ನುವವರು ಬಹಳ ಮಂದಿ. ಅಲ್ಲಿನವರ ಬಾಯಲ್ಲಿ ಅದನ್ನು ಕೇಳಿ ನಿಯಮವೇ ತಪ್ಪೆಂದುಕೊಳ್ಳಬೇಡಿ.

ಎಡವುವುದು ಕೊನೆಯ ಎರಡರಲ್ಲಿ. ಬಾಯಿ ತೆರೆಯುವ ಮೊದಲು ನಿಮಗೆ ಬೇಕಿರುವುದು ಉತ್ತರವೋ, ವಸ್ತುವೋ ಎಂದು ನೋಡಿಕೊಳ್ಳಿ. ಬೆಲೆ ಕೇಳಿದರೆ ಉತ್ತರ ಬೇಕು, ಪ್ರೆಗುಂತಾರ್. ನೀರು ಕೇಳಿದರೆ ನೀರೇ ಬೇಕು, ಪೆದಿರ್. ಸಹಾಯ, ರಜೆ, ಅನುಮತಿ, ಕ್ಷಮೆ ಕೈಗೆ ಸಿಗುವ ವಸ್ತುಗಳಲ್ಲದಿದ್ದರೂ ಕೊಡುವಂಥವು, ಪಡೆಯುವಂಥವು. ಹಾಗಾಗಿ ಅವಕ್ಕೂ ಪೆದಿರ್. ಹೋಟೆಲಿನಲ್ಲಿ ಊಟ ಆರ್ಡರ್ ಮಾಡುವುದೂ ಪೆದಿರ್. ಪ್ರಶ್ನೆಯನ್ನು ಮಾತ್ರ ಅವರು ‘ಕೇಳು’ವುದಿಲ್ಲ, ‘ಮಾಡು’ತ್ತಾರೆ: ‘ಅಸೆರ್ ಉನಾ ಪ್ರೆಗುಂತಾ’. ಇನ್ನು ‘ನಿನ್ನನ್ನು ತುಂಬಾ ಜನ ಕೇಳಿದರು’ ಎನ್ನುತ್ತೇವಲ್ಲ, ಕ್ಷೇಮಸಮಾಚಾರ ವಿಚಾರಿಸಿದರು ಎಂಬ ಅರ್ಥದಲ್ಲಿ, ಅದು ‘ಪ್ರೆಗುಂತಾರ್ ಪೊರ್’. ನಮ್ಮಲ್ಲಿ ಹೆಣ್ಣು ಕೇಳುವ ಹಾಗೆ ಅಲ್ಲಿ ಹೆಣ್ಣಿನ ಕೈ ಕೇಳುತ್ತಾರೆ, ‘ಪೆದಿರ್ ಲಾ ಮಾನೊ’.

‘ಬಂದೆ’ ಎಂದರೆ ಹೋದಂತೆ

ಒಳಗಿಂದ ಯಾರೋ ಕೂಗುತ್ತಾರೆ, ನಾವು ‘ಬಂದೆ ಬಂದೆ’ ಎನ್ನುತ್ತೇವೆ. ಕೂಗಿದವರ ಕಡೆಯಿಂದ ನೋಡಿ ಮಾತಾಡುವುದು ನಮ್ಮ ರೂಢಿ, ಇಂಗ್ಲಿಷ್‌ನದ್ದೂ ಅದೇ. ಸ್ಪ್ಯಾನಿಷ್ ಹಾಗಲ್ಲ. ಅಲ್ಲಿ ಮಾತಾಡುವವನು ನಿಂತ ಜಾಗವೇ ಅಳತೆಗೋಲು. ಅವನಿರುವಲ್ಲಿಗೆ ಬಂದರೆ ಮಾತ್ರ ಬೆನಿರ್, ಅಲ್ಲಿಂದ ಎತ್ತ ಹೊರಟರೂ ಇರ್. ಬಾಗಿಲು ತಟ್ಟಿದಾಗ ಒಳಗಿರುವವರು ಹೇಳುವುದು ‘ಯಾ ಬೋಯ್’, ಅಕ್ಷರಶಃ ‘ಈಗಲೇ ಹೋಗುತ್ತೇನೆ’ ಎಂದು. ಕನ್ನಡದ ಜಾಡಿನಲ್ಲಿ ‘ಯಾ ಬೆಂಗೊ’ ಎಂದುಬಿಟ್ಟರೆ ಕೇಳಿದವರಿಗೆ ಅರ್ಥ ತಿರುಗುಮುರುಗಾಗುತ್ತದೆ. ಅದು ಎದ್ದು ಹೊರಗೆ ಹೊರಟವರು, ಸ್ವಲ್ಪ ಹೊತ್ತಿನಲ್ಲಿ ವಾಪಸಾಗುವುದಾಗಿ ತಿಳಿಸುವ ಮಾತು. ನಮ್ಮ ‘ಹೋಗಿ ಬರ್ತೀನಿ’ಗೆ ಹತ್ತಿರ. ಬಾಗಿಲ ಬಳಿ ಕಾಯುತ್ತಿರುವವರಿಗೆ ನೀವು ಇನ್ನೆಲ್ಲಿಗೋ ಹೊರಟಿರೆಂದು ತೋರುತ್ತದೆ.

ತರುವುದು, ಒಯ್ಯುವುದೂ ಇದೇ ದಾರಿ. ಸ್ನೇಹಿತರ ಮನೆಗೆ ಊಟಕ್ಕೆ ಹೊರಡುವ ಮೊದಲು ಫೋನ್ ಮಾಡಿ ‘ಏನು ತರಲಿ?’ ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ‘ಕೆ ಯೆಬೊ?’ ಎನ್ನಬೇಕು, ಏನು ಒಯ್ಯಲಿ ಎಂದು. ಆ ಮನೆಯವರು ಉತ್ತರ ಕೊಡುವಾಗ ‘ತ್ರಾಯೆ’, ತಗೊಂಡು ಬಾ, ಎನ್ನುತ್ತಾರೆ. ಅವರು ನಿಂತ ಜಾಗಕ್ಕೆ ಬರುವುದರಿಂದ ಅವರಿಗದು ತ್ರಾಯೆರ್. ಒಂದೇ ಸಿಹಿ ಡಬ್ಬಿ, ಒಂದೇ ಪ್ರಯಾಣ. ಕೊಂಡೊಯ್ಯುವವರಿಗೆ ಯೆಬಾರ್, ಕಾಯುತ್ತಿರುವವರಿಗೆ ತ್ರಾಯೆರ್. ಅಂದಹಾಗೆ ನಮ್ಮ ಹೋಟೆಲುಗಳಲ್ಲಿ ‘ಪಾರ್ಸೆಲ್’ ಎನ್ನುವುದಕ್ಕೆ ಅಲ್ಲಿ ‘ಪಾರಾ ಯೆಬಾರ್’ ಎನ್ನುತ್ತಾರೆ, ಒಯ್ಯುವುದಕ್ಕೆ ಎಂದು.

ಕಾರಣ ಹಿಂದೆ, ಗುರಿ ಮುಂದೆ

ಆ ‘ಪಾರಾ’ ಮತ್ತು ಅದರ ಜೋಡಿ ‘ಪೊರ್’ ಕಲಿಯುವವರನ್ನು ಬಹುಕಾಲ ಕಾಡುತ್ತವೆ. ಕನ್ನಡದ ವಿಭಕ್ತಿಗಳು ಇಲ್ಲಿ ಒಂದು ಮಟ್ಟದವರೆಗೆ ನೆರವಾಗುತ್ತವೆ. ಮಳೆಯಿಂದ ತಡವಾಯಿತು, ಫೋನಿನಿಂದ ತಿಳಿಸಿದೆ, ಪಾರ್ಕಿನ ಮೂಲಕ ನಡೆದೆ: ಇವೆಲ್ಲ ಪೊರ್. ಮಗುವಿಗಾಗಿ ತಂದೆ, ಮ್ಯಾಡ್ರಿಡ್‌ಗೆ ಹೊರಟೆ, ಸೋಮವಾರದ ಹೊತ್ತಿಗೆ ಮುಗಿಸು, ಓದಲಿಕ್ಕೆ ಕನ್ನಡಕ ಬೇಕು: ಇವೆಲ್ಲ ಪಾರಾ. ಹಳೆಯ ಸ್ಪ್ಯಾನಿಷ್‌ನಲ್ಲಿ ‘ಪೊರ್’ಗೆ ‘ಆ’ ಸೇರಿ ‘ಪೊರಾ’ ಆಗಿ, ಅದೇ ‘ಪಾರಾ’ ಆಯಿತು. ಆ ‘ಆ’ ನಮ್ಮ ‘ಗೆ’ ಪ್ರತ್ಯಯದ ಕೆಲಸ ಮಾಡುವಂಥದ್ದು.

ಆದರೆ ‘ಗೆ’ ಕಂಡಲ್ಲೆಲ್ಲ ಪಾರಾ ಹಾಕುವಂತಿಲ್ಲ. ‘ನೂರು ಪೆಸೊಗೆ ಕೊಂಡೆ’ ಎನ್ನುವಾಗ ಅದು ವಿನಿಮಯ, ಪೊರ್. ‘ಬಂದಿದ್ದಕ್ಕೆ ಥ್ಯಾಂಕ್ಸ್’ ಎನ್ನುವಾಗ ಬಂದದ್ದು ಕಾರಣ, ಪೊರ್. ಇಂಥ ಕಡೆ ಪ್ರತ್ಯಯ ಬಿಟ್ಟು ಕಾಲದ ದಿಕ್ಕನ್ನು ನೋಡಬೇಕು. ಆಗಲೇ ಹಿಂದೆ ನಿಂತು ತಳ್ಳುತ್ತಿರುವ ಕಾರಣವಾದರೆ ಪೊರ್, ಮುಂದೆ ನಿಂತು ಸೆಳೆಯುವ ಗುರಿಯಾದರೆ ಪಾರಾ. ‘ಪೊರ್ ಕೆ?’ ಎಂದರೆ ಯಾವ ಕಾರಣಕ್ಕೆ; ‘ಪಾರಾ ಕೆ?’ ಎಂದರೆ ಯಾವ ಉದ್ದೇಶಕ್ಕೆ. ಉದ್ಯೋಗದಲ್ಲಿರುವವರಿಗೆ ಬೇಕಾದ ಇನ್ನೊಂದು ವಾಕ್ಯ: ‘ತ್ರಬಾಹೊ ಪಾರಾ ಆನಾ’ ಎಂದರೆ ಆನಾ ನನ್ನ ಯಜಮಾನಿ. ‘ತ್ರಬಾಹೊ ಪೊರ್ ಆನಾ’ ಎಂದರೆ ಆನಾಳ ಬದಲಿಗೆ ನಾನು ಕೆಲಸ ಮಾಡುತ್ತಿದ್ದೇನೆ.

ತತ್ಸಮ, ತದ್ಭವದ ನೆರಳು

ನಾಮಪದಗಳ ಜೋಡಿ ಇಷ್ಟು ಕಷ್ಟದ್ದಲ್ಲ. ನೀರಿನಲ್ಲಿ ಈಜುವ ಮೀನು ಪೆಸ್, ಹಿಡಿದು ಮಾರುಕಟ್ಟೆಗೆ, ತಟ್ಟೆಗೆ ಬಂದದ್ದು ಪೆಸ್ಕಾದೊ. ‘ಪೆಸ್ಕಾದೊ’ದ ಅರ್ಥವೇ ‘ಹಿಡಿದದ್ದು’. ಕೋಣೆಯ ಒಳಮೂಲೆ ರಿಂಕೊನ್, ಬೀದಿಯ ಮೂಲೆ ಎಸ್ಕಿನಾ. ಮನುಷ್ಯರ ಕಾಲು ಪಿಯೆರ್ನಾ, ಪ್ರಾಣಿಯದೂ ಮೇಜಿನದೂ ಪಾತಾ. ಬಿಸಿಗೂ ಖಾರಕ್ಕೂ ಇಂಗ್ಲಿಷ್ ಒಂದೇ ಪದ ಹೇಳುವುದರಿಂದ ಗೊಂದಲ. ನಮಗೆ ಗೊಂದಲವೇ ಇಲ್ಲ, ಬಿಸಿ ಎಂದರೆ ಕಲಿಯೆಂತೆ, ಖಾರ ಎಂದರೆ ಪಿಕಾಂತೆ. ಸೆಕೆಯಾದಾಗ ಮಾತ್ರ ‘ತೆಂಗೊ ಕಲೋರ್’ ಎನ್ನಿ. ತನ್ನ ಬಗ್ಗೆ ‘ಕಲಿಯೆಂತೆ’ ಎಂದು ಹೇಳಿಕೊಂಡರೆ ಕಾಮದ ಅರ್ಥ ಬರುತ್ತದೆ.

ಇನ್ನೊಂದು ಬಗೆಯ ಜೋಡಿಗಳನ್ನು ಕನ್ನಡ ವ್ಯಾಕರಣ ಓದಿದವರು ಕೂಡಲೇ ಗುರುತಿಸಬಲ್ಲರು. ಬೀಗದ ಕೈ ‘ಯಾಬೆ’. ಗುಪ್ತಸಂಕೇತ, ಸಮಸ್ಯೆಯ ಸುಳಿವು ‘ಕ್ಲಾಬೆ’. ಎರಡೂ ಒಂದೇ ಲ್ಯಾಟಿನ್ ಪದದಿಂದ ಬಂದವು. ಜನರ ಬಾಯಲ್ಲಿ ಶತಮಾನಗಳ ಕಾಲ ಸವೆದದ್ದು ಯಾಬೆ, ಓದುಬರಹದವರು ಲ್ಯಾಟಿನ್‌ನಿಂದ ನೇರವಾಗಿ ಎತ್ತಿಕೊಂಡದ್ದು ಕ್ಲಾಬೆ. ನಮ್ಮಲ್ಲಿ ‘ವರ್ಣ’ ಇದ್ದಂತೆಯೇ ಅದರಿಂದ ಸವೆದು ಬಂದ ‘ಬಣ್ಣ’ವೂ ಇದೆಯಲ್ಲ, ಹಾಗೆ. ಇಕ್ಕಟ್ಟಾದದ್ದು ‘ಎಸ್ತ್ರೆಚೊ’, ಕಟ್ಟುನಿಟ್ಟಾದದ್ದು ‘ಎಸ್ತ್ರಿಕ್ತೊ’. ಸಾರು ‘ಕಾಲ್ದೊ’, ಬೆಚ್ಚಗಿನದು ‘ಕಾಲಿದೊ’. ಸವೆದ ರೂಪ ಮನೆಬಳಕೆಯ, ಕಣ್ಣಿಗೆ ಕಾಣುವ ವಸ್ತುವಿಗೆ ಅಂಟಿಕೊಳ್ಳುತ್ತದೆ. ಲ್ಯಾಟಿನ್ ರೂಪ ಗ್ರಂಥಭಾಷೆಗೆ, ಅಮೂರ್ತ ಅರ್ಥಕ್ಕೆ ವಾಲುತ್ತದೆ. ಎಲ್ಲ ಕಡೆ ಹೀಗೆಂದು ಹೇಳಲಾಗದಿದ್ದರೂ ಊಹೆಗೆ ಒಳ್ಳೆಯ ಆಧಾರ. ಅರಬ್ಬರ ಆಳ್ವಿಕೆಯ ಕಾಲ ಇನ್ನೊಂದು ಪದರ ಬಿಟ್ಟುಹೋಗಿದೆ. ಅಡುಗೆಯ ಎಣ್ಣೆ ‘ಅಸೆಯ್ತೆ’ ಅರಬ್ಬಿಯಿಂದ ಬಂದದ್ದು, ತೈಲಚಿತ್ರದ ‘ಓಲೆಯೊ’ ಲ್ಯಾಟಿನ್‌ನದು.

ದೇಶದಿಂದ ದೇಶಕ್ಕೆ ಬದಲಾಗುವ ಪದಗಳೂ ಇವೆ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಸ್ಪೇನಿನಲ್ಲಿ ಬಸ್ಸು ಹಿಡಿಯುವುದಕ್ಕೆ ‘ಕೊಹೆರ್’ ಎನ್ನುತ್ತಾರೆ. ಮೆಕ್ಸಿಕೊ, ಅರ್ಜೆಂಟಿನಾಗಳಲ್ಲಿ ಅದು ಸಂಭೋಗವನ್ನು ಸೂಚಿಸುವ ಅಶ್ಲೀಲ ಪದ. ‘ತೊಮಾರ್’ ಎಲ್ಲ ಕಡೆಯೂ ನಡೆಯುತ್ತದೆ, ಅದನ್ನೇ ರೂಢಿಸಿಕೊಳ್ಳುವುದು ಜಾಣತನ.

ಅನುಮಾನ ಬಂದಾಗ ಇಂಗ್ಲಿಷ್ ಅರ್ಥದ ನಿಘಂಟು ಬಿಟ್ಟು ಸ್ಪ್ಯಾನಿಷ್-ಸ್ಪ್ಯಾನಿಷ್ ನಿಘಂಟು ತೆರೆಯಿರಿ. 1713ರಲ್ಲಿ ಸ್ಥಾಪನೆಯಾದ ಸ್ಪೇನಿನ ರಾಜ ಅಕಾಡೆಮಿಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಸ್ವಲ್ಪ ಭಾಷೆ ಬಂದವರಿಗೆ ನಾನು ಮನಃಪೂರ್ವಕವಾಗಿ ಹೇಳುವುದು ಮಾರಿಯಾ ಮೊಲಿನೆರ್ ಅವರ ಬಳಕೆಯ ನಿಘಂಟನ್ನು. ಗ್ರಂಥಪಾಲಕಿಯಾಗಿದ್ದ ಆಕೆ ವರ್ಷಗಟ್ಟಲೆ ಮನೆಯಲ್ಲಿ ಕೂತು ಒಬ್ಬರೇ ಸಿದ್ಧಪಡಿಸಿದ ಆ ಎರಡು ಸಂಪುಟಗಳು 1966 ಮತ್ತು 1967ರಲ್ಲಿ ಪ್ರಕಟವಾದವು. ಪದದ ಅರ್ಥದ ಜೊತೆಗೆ ಅದರ ನೆಂಟರಿಷ್ಟರ ಪದಗಳನ್ನೂ ಅವುಗಳ ಬಳಕೆಯನ್ನೂ ಆಕೆ ಕೊಟ್ಟಿದ್ದಾರೆ.

ನಿಮ್ಮ ನೋಟ್‌ಬುಕ್ಕಿನಲ್ಲಿ ಹೊಸ ಪದದ ಎದುರು ಇಂಗ್ಲಿಷ್ ಪದ ಬರೆಯುವುದನ್ನು ಇವತ್ತೇ ನಿಲ್ಲಿಸಿ. ಅಲ್ಲಿ ಒಂದು ಪೂರ್ತಿ ಕನ್ನಡ ವಾಕ್ಯ ಬರೆಯಿರಿ, ನೀವು ಮನೆಯಲ್ಲಿ ಆಡುವಂಥದ್ದನ್ನೇ. ಸ್ಪ್ಯಾನಿಷ್ ಕಲಿಸುವ ಕನ್ನಡಿಗ ಅಧ್ಯಾಪಕರೂ ತರಗತಿಯಲ್ಲಿ ಈ ಅಭ್ಯಾಸ ಹಾಕಿಸಬೇಕೆಂದು ಕೇಳಿಕೊಳ್ಳುತ್ತೇನೆ.